ಕ್ರೀಡಾ ಮಸಾಜ್ ಕಲಿಯಬೇಕು ಅಂತಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಗಂಗಾವತಿ ಪಿಟಿ ಮಾಸ್ತರ್

ಎಲ್ಲರಿಗೂ ನಮಸ್ಕಾರ. ಗಂಗಾವತಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಪಿಟಿ ಮಾಸ್ತರ್ ಆಗಿದ್ದೇನೆ. ಹದಿನಾಲ್ಕು ವರ್ಷದಿಂದ ಕಬಡ್ಡಿ, ಖೋಖೋ ಆಡಿಸುತ್ತಿದ್ದೇನೆ. ಬೆಳಗ್ಗೆ ಐದೂವರೆಗೆ ಪೊಲೀಸ್, ಆರ್ಮಿ ಭರ್ತಿಗೆ ತಯಾರಿ ಮಾಡುವ ಹುಡುಗರೂ ಮೈದಾನಕ್ಕೆ ಬರುತ್ತಾರೆ. ಅವರಲ್ಲಿ ಕೆಲವರು ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಓಡಿಕೊಂಡೇ ಹತ್ತಿ ಇಳಿಯುತ್ತಾರೆ. ಯಾರಿಗೆ ಏನೇ ನೋವಾದರೂ ಮೊದಲು ನನ್ನ ಹತ್ತಿರವೇ ಬರುವುದು.

ಕಳೆದ ವರ್ಷ ನಡೆದದ್ದನ್ನ ಹೇಳಿಬಿಡುತ್ತೇನೆ. ತಾಲೂಕು ಮಟ್ಟದ ಪಂದ್ಯದಲ್ಲಿ ನಮ್ಮ ರೈಡರ್ ಹುಡುಗನ ತೊಡೆಗೆ ಎದುರಾಳಿಯ ಮೊಣಕಾಲು ಜೋರಾಗಿ ಬಡಿಯಿತು. ಸಂಜೆಯೊಳಗೆ ಬಾವು ಬಂತು. ನಾನು ಎಣ್ಣೆ ಬಿಸಿ ಮಾಡಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ತಿಕ್ಕಿದೆ. ಮೂರು ದಿನ ತಿಕ್ಕಿದೆ. ಮೇಲೆ ಬಿಸಿನೀರಿನ ಶಾಖ ಬೇರೆ. ಹುಡುಗ ಹಲ್ಲು ಕಚ್ಚಿಕೊಂಡು ಕೂತಿದ್ದ. ನೋಯುತ್ತಿದೆ ಅಂದರೆ ಗಂಟು ಬಿಡುತ್ತಿದೆ ಅಂತ ನಾನು ತಿಳಿದುಕೊಂಡಿದ್ದೆ.

ಒಂದು ತಿಂಗಳಾದರೂ ಅವನ ಮೊಣಕಾಲು ಪೂರ್ತಿ ಮಡಚಲಿಲ್ಲ. ತೊಡೆಯೊಳಗೆ ಕಲ್ಲಿನಂಥ ಗಟ್ಟಿ ಕೈಗೆ ಸಿಗುತ್ತಿತ್ತು. ಎಕ್ಸ್‌ರೇ ತೆಗೆಸಿದಾಗ ಸ್ನಾಯುವಿನೊಳಗೇ ಮೂಳೆ ಬೆಳೆದಿದೆ ಅಂದರು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಯಾರು ತಿಕ್ಕಿದ್ದು?" ನಾನೇ ಸರ್ ಅಂದೆ. ಅವನ ತಾಯಿ ಅಲ್ಲೇ ಪಕ್ಕದಲ್ಲಿ ನಿಂತಿದ್ದರು.

ಅದಾದ ಮೇಲೆ ನಾನು ಯಾರ ಕಾಲನ್ನೂ ಮುಟ್ಟಿಲ್ಲ. ಆದರೆ ಹುಡುಗರು ಬರುವುದು ನಿಂತಿಲ್ಲ. ಅವರನ್ನು ವಾಪಸ್ ಕಳಿಸಿದರೆ ಇನ್ನೊಬ್ಬರ ಹತ್ತಿರ ಹೋಗಿ ಜಗ್ಗಿಸಿಕೊಳ್ಳುತ್ತಾರೆ. ಅದಕ್ಕೇ ಸರಿಯಾಗಿ ಕಲಿಯಬೇಕು ಅನ್ನಿಸಿದೆ. ಎಲ್ಲಿ ಕಲಿಯಬಹುದು? ನನ್ನಂಥವನು ಯಾವುದಕ್ಕೆ ಕೈ ಹಾಕಬಹುದು, ಯಾವುದಕ್ಕೆ ಹಾಕಬಾರದು?

ಬಳ್ಳಾರಿ ಫಿಸಿಯೋ

ಸರ್, ಆ ಹುಡುಗನಿಗೆ ಆದದ್ದನ್ನು ಮಯೋಸೈಟಿಸ್ ಆಸಿಫಿಕನ್ಸ್ ಅಂತಾರೆ. ತೊಡೆಗೆ ಜೋರು ಪೆಟ್ಟು ಬಿದ್ದಾಗ ಸ್ನಾಯುವಿನೊಳಗೆ ರಕ್ತ ಸೋರಿ ಹೆಪ್ಪುಗಟ್ಟುತ್ತದೆ. ಅದರ ಪಾಡಿಗೆ ಬಿಟ್ಟರೆ ಹೆಚ್ಚಿನವರಲ್ಲಿ ನಿಧಾನಕ್ಕೆ ಕರಗುತ್ತದೆ. ಆ ದಿನಗಳಲ್ಲೇ ಶಾಖ ಕೊಟ್ಟು ಒತ್ತಿ ತಿಕ್ಕಿದರೆ ಮತ್ತೆ ಸೋರುತ್ತದೆ, ಮೂಳೆ ಕಟ್ಟುವ ಅಪಾಯ ಜಾಸ್ತಿ. ಎಕ್ಸ್‌ರೇಯಲ್ಲಿ ಕಾಣಿಸಲು ಕೆಲವು ವಾರ ಬೇಕು, ಹಾಗಾಗಿ ಮೊದಲ ವಾರದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ತಿಕ್ಕದೇ ಇದ್ದವರಿಗೂ ಕೆಲವೊಮ್ಮೆ ಬರುತ್ತದೆ, ಪೂರ್ತಿ ನಿಮ್ಮ ತಲೆ ಮೇಲೆ ಹಾಕಿಕೊಳ್ಳಬೇಡಿ. ಮುಂದೆ ಯಾರಿಗಾದರೂ ತೊಡೆಗೆ ಹೀಗೆ ಏಟು ಬಿದ್ದರೆ ಆಟ ನಿಲ್ಲಿಸಿ, ಆಗುವಷ್ಟು ಮೊಣಕಾಲು ಮಡಚಿ ಇಡಿಸಿ, ಬಟ್ಟೆ ಸುತ್ತಿದ ಐಸ್ ಇಡಿ, ಬ್ಯಾಂಡೇಜ್ ಕಟ್ಟಿ. ಎಣ್ಣೆ ಬೇಡ.

ಈಗ ನಿಮ್ಮ ಪ್ರಶ್ನೆ. ಮಸಾಜ್ ಕಲಿಯುವುದು ಅಂದರೆ ಕೈ ತಿರುಗಿಸುವ ವರಸೆ ಕಲಿಯುವುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ವರಸೆಯನ್ನು ಒಂದು ತಿಂಗಳಲ್ಲಿ ಕಲಿಸಿಬಿಡಬಹುದು. ಕೈಯನ್ನು ಯಾವಾಗ ಹಿಂದಕ್ಕೆ ತೆಗೆಯಬೇಕು ಅನ್ನುವುದನ್ನು ಕಲಿಯಲು ಸಮಯ ಹಿಡಿಯುತ್ತದೆ. ನಾನು ಓದುವಾಗ ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ, ನಾಲ್ಕೂವರೆ ವರ್ಷದ್ದು. ಅದರಲ್ಲಿ ಬಹುಪಾಲು ಇದೇ ಆಯಿತು.

ನಮ್ಮ ಕಡೆ ಎಲ್ಲ ನೋವಿಗೂ ಎರಡೇ ಹೆಸರು ಅಲ್ವಾ, ಒಂದು ಉಳುಕು, ಇನ್ನೊಂದು ನರ ಹಿಡಿದಿದೆ. ಬೆರಳಿಗೆ ದಾರದ ಹಾಗೆ ಸಿಗುವುದನ್ನೆಲ್ಲ ನರ ಅಂತೇವೆ. ಅದು ಸಾಮಾನ್ಯವಾಗಿ ನರ ಅಲ್ಲ. ಬಿಗಿದುಕೊಂಡ ಸ್ನಾಯು, ಇಲ್ಲವೇ ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್. ಮೂಳೆಗೂ ಮೂಳೆಗೂ ನಡುವೆ ಇರುವ ಪಟ್ಟಿ ಲಿಗಮೆಂಟ್. ಸ್ನಾಯು, ಟೆಂಡನ್ ಎಳೆದು ಹರಿದರೆ ಸ್ಟ್ರೇನ್, ಲಿಗಮೆಂಟ್ ಹರಿದರೆ ಸ್ಪ್ರೇನ್. ಎರಡರಲ್ಲೂ ಮೂರು ಹಂತ ಇದೆ. ಒಂದನೆಯದು ಕೆಲವೇ ಎಳೆಗಳು ಹೋದದ್ದು. ಮೂರನೆಯದು ಪೂರ್ತಿ ಹರಿದದ್ದು. ಮೂರನೆಯದಕ್ಕೆ ಮಸಾಜ್ ಉತ್ತರವೇ ಅಲ್ಲ.

ಪಾದದ ಗೆಣ್ಣು ಹೊರಳಿದವರಿಗೆ ಒಟ್ಟಾವಾ ನಿಯಮ ಅಂತ ಒಂದಿದೆ. ಕೆನಡಾದ ಡಾಕ್ಟರುಗಳು 1992ರಲ್ಲಿ ಪ್ರಕಟಿಸಿದ್ದು. ಏಟಾದ ತಕ್ಷಣವೂ ಈಗಲೂ ನಾಲ್ಕು ಹೆಜ್ಜೆ ಇಡಲು ಆಗುತ್ತಿಲ್ಲವೇ? ಗೆಣ್ಣಿನ ಎರಡೂ ಬದಿಯ ಮೂಳೆಯ ಹಿಂದಿನ ಅಂಚನ್ನು, ತುದಿಯಿಂದ ಮೇಲಕ್ಕೆ 6 ಸೆಂ.ಮೀ. ತನಕ, ಒತ್ತಿದರೆ ನೋವಿದೆಯೇ? ಕಿರುಬೆರಳಿನ ಸಾಲಿನಲ್ಲಿ ಪಾದದ ಹೊರಬದಿಯ ಮಧ್ಯದ ಉಬ್ಬು, ಒಳಬದಿಯ ಕಮಾನಿನ ಮೇಲಿನ ಉಬ್ಬು ನೋಯುತ್ತವೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ಎಕ್ಸ್‌ರೇ. ನೀವು ಮಾಸ್ತರ್ ಆಗಿ ಇದನ್ನೊಂದು ಕಲಿತರೂ ಎಷ್ಟೋ ಹುಡುಗರ ಮುರಿದ ಮೂಳೆ ತಿಕ್ಕಿಸಿಕೊಳ್ಳುವುದು ತಪ್ಪುತ್ತದೆ.

ಗರಡಿಮನೆ ಹುಡುಗ

ಅಕ್ಕಾ, ಒಂದು ಮಾತು ಹೇಳಲೇಬೇಕು. ನಮ್ಮ ತಾತ ಬಳ್ಳಾರಿಯಲ್ಲಿ ಗರಡಿ ನಡೆಸಿದವರು. ಅವರು ಯಾವ ಕೋರ್ಸೂ ಮಾಡಿರಲಿಲ್ಲ. ಸಾಮು ಮುಗಿದ ಮೇಲೆ ಪೈಲ್ವಾನರು ಒಬ್ಬರಿಗೊಬ್ಬರು ಮಾಲೀಶ್ ಮಾಡುತ್ತಿದ್ದರು. ಕಾರಹುಣ್ಣಿಮೆಗೆ ರಾಯಚೂರಿನ ಮುಂಗಾರು ಹಬ್ಬಕ್ಕೆ ಕುಸ್ತಿ ಹಿಡಿಯಲು ಹೋದಾಗಲೂ ಎಣ್ಣೆ ಬಾಟಲಿ ಜೊತೆಗೇ ಹೋಗುತ್ತಿತ್ತು. ಹಾಗಾದರೆ ಅದೆಲ್ಲ ತಪ್ಪಾ?

ತಾತನ ಕೈ ನನಗೆ ಈಗಲೂ ನೆನಪಿದೆ. ಮೊದಲು ಅಂಗೈ ಹಿಂಭಾಗವನ್ನು ನೋವಿದ್ದ ಜಾಗದ ಮೇಲೆ ಇಡುತ್ತಿದ್ದರು. ಆಮೇಲೆ ಇನ್ನೊಂದು ಕಾಲಿನ ಅದೇ ಜಾಗದ ಮೇಲೆ. ಬಿಸಿ ಹೆಚ್ಚಿದ್ದರೆ "ಇವತ್ತು ಬೇಡ ಮಗಾ" ಅಂತ ಎಣ್ಣೆ ಬಟ್ಟಲು ಆ ಕಡೆ ಸರಿಸುತ್ತಿದ್ದರು. ತಣ್ಣಗಿದ್ದರೆ ಮೀನಖಂಡದಿಂದ ಮೇಲಕ್ಕೆ ಅಂಗೈ ಬುಡದಿಂದ ನೀವುವುದು. ಎಂದೂ ಕೆಳಮುಖವಾಗಿ ಜೋರಾಗಿ ಒತ್ತುತ್ತಿರಲಿಲ್ಲ.

ಬಳ್ಳಾರಿ ಫಿಸಿಯೋ

ತಪ್ಪು ಅಂತ ಯಾರು ಹೇಳಿದರು ತಮ್ಮಾ? ನಿಮ್ಮ ತಾತ ಕೈ ಹಿಂಭಾಗ ಇಟ್ಟು ಎರಡೂ ಕಾಲಿನ ಬಿಸಿ ಹೋಲಿಸಿದರಲ್ಲ, ಅದನ್ನೇ ನಮಗೂ ಕಾಲೇಜಿನಲ್ಲಿ ಕಲಿಸಿದ್ದು. ಬಿಸಿ ಇದೆ ಅಂದರೆ ಒಳಗೆ ಉರಿಯೂತ ನಡೆಯುತ್ತಿದೆ, ಮೊದಲ ಎರಡು ಮೂರು ದಿನ ಆ ಜಾಗ ಬಿಟ್ಟುಬಿಡಬೇಕು. ಕೆಳಗಿನಿಂದ ಮೇಲಕ್ಕೆ, ಎದೆಯ ಕಡೆಗೆ ಉದ್ದಕ್ಕೆ ನೀವುವುದಕ್ಕೆ ಎಫ್ಲುರಾಜ್ ಅಂತ ಫ್ರೆಂಚ್ ಹೆಸರು. ಹಿಸುಕಿ ಎತ್ತುವುದು ಪೆಟ್ರಿಸಾಜ್. ಹೆಸರು ಬೇರೆ, ಕೈ ಒಂದೇ. ಗರಡಿಯಲ್ಲಿ ದಣಿದ ಸ್ನಾಯುವಿಗೆ ಮಾಡುತ್ತಿದ್ದ ಮಾಲೀಶ್ ಒಳ್ಳೆಯದೇ.

ನನಗೆ ಸಿಟ್ಟು ಬರುವುದು ಉಳುಕಿದ ಗೆಣ್ಣನ್ನು ಅದೇ ದಿನ ಹಿಡಿದು ಲಟಕ್ ಅನ್ನುವ ಹಾಗೆ ಎಳೆಯುವುದನ್ನು ಕಂಡಾಗ. ಅರ್ಧ ಹರಿದ ಲಿಗಮೆಂಟ್ ಪೂರ್ತಿ ಹರಿದು ಬಂದವರನ್ನು ನೋಡಿದ್ದೇನೆ. ಶಬ್ದ ಬಂತು, ಕೂತಿತು ಅಂತ ಮನೆಯವರಿಗೆ ಸಮಾಧಾನ. ನೋವು ತಿನ್ನುವುದು ಮಾತ್ರ ಆ ಹುಡುಗ.

ಲೀಡ್ಸ್‌ನಲ್ಲಿರುವ ಸಿಂಧನೂರಿನವ

ಮಾಸ್ತರೇ, ನಮ್ಮೂರು ಸಿಂಧನೂರು. ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಇಲ್ಲಿ ಕ್ರೀಡಾ ಮಸಾಜ್ ಕೋರ್ಸ್ ಮಾಡಿ ವಾರಾಂತ್ಯದಲ್ಲಿ ಒಂದು ಫುಟ್‌ಬಾಲ್ ತಂಡಕ್ಕೆ ಕೆಲಸ ಮಾಡುತ್ತೇನೆ. ಇಲ್ಲಿನ ವ್ಯವಸ್ಥೆ ಹೇಳಿದರೆ ನಿಮ್ಮ ಪ್ರಶ್ನೆಗೆ ಉಪಯೋಗ ಆಗಬಹುದು.

ಇಲ್ಲಿ ಮೊದಲು ಲೆವೆಲ್ 3 ಅನ್ನುವ ಹಂತದ ಕೋರ್ಸ್. ಅದರಲ್ಲಿ ಅಂಗರಚನೆ, ಗಾಯ ಇಲ್ಲದ ಮೈಗೆ ಮಸಾಜ್ ಮಾಡುವುದು, ಆಟದ ಮುಂಚೆ ಮತ್ತು ಆಮೇಲೆ ಏನು ಮಾಡಬೇಕು, ಯಾರನ್ನು ಮುಟ್ಟಬಾರದು ಅನ್ನುವುದು. ಅದು ಪಾಸಾದವರಿಗೆ ಲೆವೆಲ್ 4. ಸಾಮಾನ್ಯ ಸ್ನಾಯು ಗಾಯಗಳನ್ನು ಪರೀಕ್ಷೆ ಮಾಡಿ ಚಿಕಿತ್ಸೆ ಕೊಡುವುದು ಅಲ್ಲಿಂದ ಶುರು. ಅಂದರೆ ಗಾಯಕ್ಕೆ ಕೈ ಹಾಕುವ ಮೊದಲು ಗಾಯ ಇಲ್ಲದ ಮೈ ಹೇಗಿರುತ್ತದೆ ಅಂತ ಕೈಗೆ ರೂಢಿ ಆಗಿರಬೇಕು. ನನಗೆ ಇದು ಬಹಳ ಸರಿ ಅನ್ನಿಸಿತು. ನೂರು ಮೀನಖಂಡ ಹಿಡಿದ ಮೇಲೆ ನೂರ ಒಂದನೆಯದರಲ್ಲಿ ಏನೋ ಬೇರೆ ಇದೆ ಅಂತ ಬೆರಳಿಗೇ ಗೊತ್ತಾಗುತ್ತದೆ.

ಲೆವೆಲ್ 4ರಲ್ಲಿ ಕಲಿತ ಒಂದನ್ನು ಹೇಳುತ್ತೇನೆ. ಮಸಲ್ ಎನರ್ಜಿ ಟೆಕ್ನಿಕ್ ಅಂತ. ತೊಡೆ ಹಿಂಭಾಗ ಬಿಗಿದಿರುವ ಓಟಗಾರನನ್ನು ಅಂಗಾತ ಮಲಗಿಸಿ, ಒಂದು ಕಾಲನ್ನು ನೇರವಾಗಿ ಮೇಲೆತ್ತಬೇಕು. ಬಿಗಿ ಸಿಗುವ ಜಾಗದಲ್ಲಿ ನಿಲ್ಲಿಸಿ, ಹಿಮ್ಮಡಿಯನ್ನು ನನ್ನ ಹೆಗಲ ಮೇಲೆ ಇಟ್ಟುಕೊಳ್ಳುತ್ತೇನೆ. "ಶಕ್ತಿಯ ಐದರಲ್ಲಿ ಒಂದು ಭಾಗ ಹಾಕಿ ನನ್ನ ಹೆಗಲನ್ನು ಕೆಳಗೆ ಒತ್ತು" ಅನ್ನುತ್ತೇನೆ. ಸುಮಾರು ಹತ್ತು ಸೆಕೆಂಡ್. ಉಸಿರು ಬಿಟ್ಟು ಸಡಿಲ ಬಿಟ್ಟಾಗ ಕಾಲು ನಾಲ್ಕು ಬೆರಳಿನಷ್ಟು ತಾನೇ ಮುಂದೆ ಬರುತ್ತದೆ. ಎಳೆಯುವುದು, ಜಗ್ಗುವುದು ಏನೂ ಇಲ್ಲ. ಇದನ್ನು ಹೊಸದಾಗಿ ಹರಿದ ಸ್ನಾಯುವಿಗೆ ಮಾಡಬಾರದು, ನೆನಪಿರಲಿ.

ಇನ್ನೊಂದು, ಜೇಮ್ಸ್ ಸಿರಿಯಾಕ್ಸ್ ಅನ್ನುವ ಬ್ರಿಟಿಷ್ ಡಾಕ್ಟರ್ ಬಳಕೆಗೆ ತಂದ ಅಡ್ಡ ಉಜ್ಜುವಿಕೆ. ಹಳೆಯ ಟೆಂಡನ್ ನೋವಿಗೆ ಮಾಡುವುದು. ಅದಕ್ಕೆ ಎಣ್ಣೆ ಹಚ್ಚುವ ಹಾಗೇ ಇಲ್ಲ. ಬೆರಳೂ ಚರ್ಮವೂ ಒಟ್ಟಿಗೆ ಸರಿಯಬೇಕು, ಎಣ್ಣೆ ಇದ್ದರೆ ಬೆರಳು ಜಾರಿ ಚರ್ಮ ಸುಲಿಯುತ್ತದೆ. ಅದರಿಂದ ಎಷ್ಟು ಲಾಭ ಅನ್ನುವುದಕ್ಕೆ ಸಾಕ್ಷಿ ಕಡಿಮೆ, ಅದನ್ನೂ ತರಗತಿಯಲ್ಲೇ ಹೇಳಿದರು.

ಇಲ್ಲಿ ಫಿಸಿಯೋಥೆರಪಿಸ್ಟ್ ಅನ್ನುವ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಮಸಾಜ್ ಮಾಡುವವರು ಆ ಹೆಸರು ಹಾಕಿಕೊಳ್ಳುವ ಹಾಗಿಲ್ಲ.

ಬಳ್ಳಾರಿ ಫಿಸಿಯೋ

ಇಲ್ಲೂ 2021ರಲ್ಲಿ ಆರೋಗ್ಯ ಸಹಾಯಕ ವೃತ್ತಿಗಳಿಗೆ ಅಂತ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದೆ. ಫಿಸಿಯೋಥೆರಪಿ ಅದರಡಿ ಬರುತ್ತದೆ. ಮೂರು ದಿನದ ಸರ್ಟಿಫಿಕೇಟ್ ಗೋಡೆಗೆ ಹಾಕಿ ಫಿಸಿಯೋ ಅಂತ ಬೋರ್ಡ್ ಬರೆಸುವವರಿಗೆ ಇದನ್ನು ಹೇಳಿ.

ರಾಯಚೂರು ಓಟಗಾರ್ತಿ

ನಾನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಮಾಸ್ತರ್ ಅವರ ಮಾತು ಓದಿ ಬರೆಯುತ್ತಿದ್ದೇನೆ.

ಪೊಲೀಸ್ ಭರ್ತಿಗೆ ಅಂತ ಟಾರ್ ರೋಡಿನಲ್ಲಿ ಓಡುತ್ತಿದ್ದೆ. ಒಮ್ಮೆಲೇ ಓಟ ಜಾಸ್ತಿ ಮಾಡಿದೆ, ಶೂ ಹಳೆಯದು. ಮೊಣಕಾಲು ಕೆಳಗೆ ಮುಂದಿನ ಮೂಳೆ ಒಳಬದಿ ನೋಯಲು ಶುರುವಾಯಿತು. ಒಬ್ಬರು ಮಸಾಜ್ ಮಾಡುವವರು "ಮೂಳೆಗೆ ಗಂಟು ಅಂಟಿದೆ, ಬಿಡಿಸುತ್ತೇನೆ" ಅಂತ ಬೆರಳ ಗೆಣ್ಣಿನಿಂದ ಅದೇ ಜಾಗ ಒತ್ತಿದರು. ನಾಲ್ಕು ಸಲ ಹೋದೆ. ರಾತ್ರಿ ಮಲಗಿದಾಗಲೂ ನೋವು. ಕೊನೆಗೆ ಸ್ಕ್ಯಾನ್ ಮಾಡಿಸಿದರೆ ಮೂಳೆಯಲ್ಲಿ ಸಣ್ಣ ಬಿರುಕು. ಆ ವರ್ಷದ ಭರ್ತಿ ಹೋಯಿತು.

ಇನ್ನೊಂದು ವಿಷಯ. ಆ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಬಾಗಿಲು ಹಾಕಿದರು. ಏನೂ ಆಗಲಿಲ್ಲ. ಆದರೆ ಆ ಅರ್ಧ ಗಂಟೆ ನಾನು ಹೇಗೆ ಮಲಗಿದ್ದೆ ಅಂತ ನನಗೇ ಗೊತ್ತು. ಕಲಿಸುವವರು ಇದನ್ನೂ ಕಲಿಸಲಿ.

ಸಿರುಗುಪ್ಪ ಪಿಟಿ ಟೀಚರ್

ತಂಗೀ, ನೀನು ಬರೆದದ್ದು ಒಳ್ಳೆಯದಾಯಿತು. ನಮ್ಮ ಹುಡುಗಿಯರು ತೊಡೆಸಂದು ನೋವು ಬಂದರೆ ಹೇಳುವುದೇ ಇಲ್ಲ, ಕುಂಟಿಕೊಂಡೇ ಓಡುತ್ತಾರೆ. ನಮ್ಮಲ್ಲಿ ಮಾಡಿಕೊಂಡ ನಿಯಮ ಹೇಳುತ್ತೇನೆ. ಹುಡುಗಿಯರನ್ನು ಮುಟ್ಟಿ ನೋಡುವುದು ಹೆಂಗಸರೇ. ಇನ್ನೊಬ್ಬ ಹುಡುಗಿ ಪಕ್ಕದಲ್ಲಿ ಇರಲೇಬೇಕು. ಬಾಗಿಲು ತೆರೆದಿರಬೇಕು. ನೋವಿನ ಜಾಗ ಬಿಟ್ಟು ಉಳಿದದ್ದೆಲ್ಲ ಟವೆಲ್ ಹೊದ್ದಿರಬೇಕು. "ಇಲ್ಲಿ ಮುಟ್ಟಲಾ?" ಅಂತ ಪ್ರತಿ ಸಲ ಕೇಳಬೇಕು, ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಮಕ್ಕಳಾದರೆ ಮನೆಯವರ ಒಪ್ಪಿಗೆ. ಹುಡುಗರಿಗೂ ಇದೇ ನಿಯಮ ಬೇಕು ಅಂತ ನನ್ನ ಅಭಿಪ್ರಾಯ.

ಕಲಿಯಲು ನಮ್ಮ ಕಡೆ ಹೆಂಗಸರು ಮುಂದೆ ಬಂದರೆ ಎಷ್ಟೋ ಹೆಣ್ಣುಮಕ್ಕಳ ಆಟ ಉಳಿಯುತ್ತದೆ. ನಾನಂತೂ ಬರಲು ತಯಾರು.

ಬಳ್ಳಾರಿ ಫಿಸಿಯೋ

ಟೀಚರ್, ನಿಮ್ಮ ನಿಯಮವನ್ನು ಬರೆದು ಗೋಡೆಗೆ ಹಚ್ಚಬೇಕು.

ಮೊಣಕಾಲು ಕೆಳಗಿನ ಮುಂದಿನ ಮೂಳೆಯ ನೋವಿನ ಬಗ್ಗೆ ಎಲ್ಲ ಓಟಗಾರರೂ ಓದಿ. ನೋವು ಮೂಳೆಯ ಒಳ ಅಂಚಿನಲ್ಲಿ ಉದ್ದಕ್ಕೆ, ಅಂಗೈ ಅಗಲದಷ್ಟು ಹರಡಿದ್ದರೆ ಸಾಮಾನ್ಯವಾಗಿ ಶಿನ್ ಸ್ಪ್ಲಿಂಟ್, ಅಂದರೆ ಓಟ ಹೆಚ್ಚಾಗಿ ಬರುವ ಮೂಳೆ ಅಂಚಿನ ನೋವು, ಬಿರುಕಲ್ಲ. ಒಂದು ಬೆರಳ ತುದಿ ಇಟ್ಟು "ಇಲ್ಲೇ" ಅಂತ ತೋರಿಸುವಂತಿದ್ದರೆ, ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಚುಚ್ಚಿದರೆ, ರಾತ್ರಿಯೂ ನೋಯುತ್ತಿದ್ದರೆ ಮೂಳೆ ಬಿರುಕಿನ ಅನುಮಾನ ಪಡಬೇಕು. ಓಟ ನಿಲ್ಲಿಸಿ, ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಾದ ಬಳ್ಳಾರಿಯ ಮೊದಲಿನ ವಿಮ್ಸ್, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಯಾವುದು ಹತ್ತಿರವೋ ಅಲ್ಲಿ ಮೂಳೆ ವಿಭಾಗಕ್ಕೆ ಹೋಗಿ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು, ಎಕ್ಸ್‌ರೇ ಚೆನ್ನಾಗಿದೆ ಅಂತ ಮಾರನೇ ದಿನವೇ ಓಡಬೇಡಿ.

ತೋರಣಗಲ್ಲು ಕಡೆಯವ

ನಾನು ಆಟಗಾರರ ಶಿಬಿರಗಳಲ್ಲಿ ಮಸಾಜ್ ಕೆಲಸ ಮಾಡಿ ಏಳು ವರ್ಷ. ನಮ್ಮ ಜಿಲ್ಲೆಗೆ 2018ರಲ್ಲಿ ಕ್ರೀಡಾ ತರಬೇತಿ ಕೇಂದ್ರ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಬಂದ ಮೇಲೆ ಈ ಕೆಲಸ ಅಂದರೆ ಏನು ಅಂತ ಸುತ್ತಲಿನ ಹುಡುಗರಿಗೂ ಸ್ವಲ್ಪ ತಿಳಿಯಿತು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೀರಜ್ ಚೋಪ್ರಾ ತೊಡೆಸಂದು ನೋವು ಇಟ್ಟುಕೊಂಡೇ ಜಾವೆಲಿನ್ 89.45 ಮೀಟರ್ ಎಸೆದು ಬೆಳ್ಳಿ ತಂದಾಗ, ಅವರ ಫಿಸಿಯೋ ಬಗ್ಗೆಯೂ ಜನ ಮಾತಾಡಿದರು. ಖುಷಿ ಆಯಿತು.

ಮಸಾಜ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅಂತ ಹೇಳುತ್ತೇನೆ. ಲ್ಯಾಕ್ಟಿಕ್ ಆಸಿಡ್ ಹಿಂಡಿ ತೆಗೆಯುತ್ತೇವೆ ಅನ್ನುವವರು ಇದ್ದಾರೆ. ಓಟ ನಿಂತ ಒಂದು ಗಂಟೆಯೊಳಗೆ ದೇಹವೇ ಅದನ್ನು ತೆಗೆದುಹಾಕಿರುತ್ತದೆ. ಮಾರನೇ ದಿನದ ಮೈಕೈ ನೋವಿಗೆ ಅದು ಕಾರಣವೂ ಅಲ್ಲ. 2020ರಲ್ಲಿ 29 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಮರ್ಶೆ ಬಂತು. ಮಸಾಜ್‌ನಿಂದ ಓಟದ ವೇಗ, ಜಿಗಿತ, ಬಲ ಹೆಚ್ಚಿದ್ದು ಕಾಣಲಿಲ್ಲ. ಮೈ ಬಾಗುವುದು ಸ್ವಲ್ಪ ಸುಧಾರಿಸಿತು, ತಡವಾಗಿ ಬರುವ ಸ್ನಾಯು ನೋವು ಸ್ವಲ್ಪ ಕಡಿಮೆಯಾಯಿತು. ಈ ಸ್ವಲ್ಪವೇ ನಮ್ಮ ಕೆಲಸ. ಪಂದ್ಯದ ಹಿಂದಿನ ರಾತ್ರಿ ಹುಡುಗ ನೆಮ್ಮದಿಯಾಗಿ ನಿದ್ದೆ ಮಾಡಿದರೆ ಅದು ನನಗೆ ದೊಡ್ಡದು.

ಗಾಯ ವಾಸಿ ಮಾಡುವುದು ನಮ್ಮ ಕೈಯಲ್ಲ, ಹಂತ ಹಂತವಾಗಿ ಹೊರಿಸುವ ಭಾರ. ಹಿಮ್ಮಡಿ ಮೇಲಿನ ಟೆಂಡನ್ ನೋವಿಗೆ ಸ್ವೀಡನ್ನಿನ ಆಲ್ಫ್ರೆಡ್‌ಸನ್ 1998ರಲ್ಲಿ ತೋರಿಸಿದ ವ್ಯಾಯಾಮ ನೋಡಿ. ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ನಿಧಾನವಾಗಿ ಕೆಳಗಿಳಿಸುವುದು. ಮೊಣಕಾಲು ನೇರ ಇಟ್ಟು 15ರಂತೆ ಮೂರು ಸುತ್ತು, ಸ್ವಲ್ಪ ಮಡಚಿ ಮೂರು ಸುತ್ತು, ದಿನಕ್ಕೆ ಎರಡು ಹೊತ್ತು, 12 ವಾರ. ಮಸಾಜ್ ಮಾಡಿಸಿಕೊಂಡು ವ್ಯಾಯಾಮ ಬಿಟ್ಟವರು ಮತ್ತೆ ನನ್ನ ಹತ್ತಿರವೇ ಬಂದಿದ್ದಾರೆ.

ಕಲಿಯುವವರಿಗೆ ಒಂದು ಮಾತು, ಹೆಬ್ಬೆರಳು ಉಳಿಸಿಕೊಳ್ಳಿ. ಮೊದಲ ಎರಡು ವರ್ಷ ನಾನು ಎಲ್ಲದಕ್ಕೂ ಹೆಬ್ಬೆರಳೇ ಬಳಸಿದೆ. ಆಮೇಲೆ ಚಹಾ ಕಪ್ ಹಿಡಿಯಲು ಆಗುತ್ತಿರಲಿಲ್ಲ. ಈಗ ತೊಡೆಗೆ ಮುಂಗೈ, ಬೆನ್ನಿಗೆ ಮೊಣಕೈ. ಬಲ ತೋಳಿನದ್ದಲ್ಲ, ಮೈಭಾರ ಮುಂದಕ್ಕೆ ವಾಲಿಸುವುದು.

ಮೀನಖಂಡದ ಬಗ್ಗೆ ಎಲ್ಲರೂ ಎಚ್ಚರ. ದೂರ ಬಸ್ಸಿನಲ್ಲಿ ಕೂತು ಬಂದವರು, ಪ್ಲಾಸ್ಟರ್ ಹಾಕಿಸಿಕೊಂಡವರು, ಒಂದೇ ಕಾಲು ಊದಿ ಬಿಸಿಯಾಗಿ ಕೆಂಪಾಗಿದೆ ಅಂತ ಬಂದರೆ ಬೆರಳೂ ತಾಗಿಸಬೇಡಿ. ರಕ್ತನಾಳದಲ್ಲಿ ಹೆಪ್ಪು ಇರಬಹುದು. ತಿಕ್ಕಿದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಿ ಜೀವವೇ ಹೋಗಬಹುದು. ಜ್ವರ ಇದ್ದವರು, ರಕ್ತ ತೆಳು ಮಾಡುವ ಮಾತ್ರೆ ನುಂಗುವವರು, ಚರ್ಮದ ಸೋಂಕು ಇರುವವರು, ಇವರನ್ನೂ ಡಾಕ್ಟರ್ ಕೇಳದೆ ಮುಟ್ಟಬೇಡಿ. ನಮ್ಮ ಬಿಸಿಲಲ್ಲಿ ಓಡಿ ಬಿದ್ದವನು ತೊದಲುತ್ತಿದ್ದರೆ ಅದು ಸೆಳೆತ ಅಲ್ಲ, ಬಿಸಿಲ ಹೊಡೆತ. ಕಾಲು ಒತ್ತುತ್ತಾ ಕೂರದೆ ನೆರಳಿಗೆ ಎಳೆದು ಮೈಗೆ ನೀರು ಸುರಿದು ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ.

ಕುಷ್ಟಗಿ ತಮ್ಮ

ಅಣ್ಣಾ, ನಾನು ಪಿಯುಸಿ ಸೈನ್ಸ್ ಮುಗಿಸಿದ್ದೇನೆ. ಇದೇ ಕೆಲಸ ಮಾಡಬೇಕು ಅಂತ ಆಸೆ. ಆನ್‌ಲೈನ್‌ನಲ್ಲಿ ವಾರದ ಕೋರ್ಸ್ ಇದೆ, ಸೇರಲಾ?

ತೋರಣಗಲ್ಲು ಕಡೆಯವ

ತಮ್ಮಾ, ವಯಸ್ಸು ನಿನ್ನ ಕಡೆ ಇದೆ, ಆಗುವುದಾದರೆ ಬಿಪಿಟಿ ಸೇರು. ಆಗದಿದ್ದರೆ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ ಕೇಳು. ನಿಜವಾದ ಮೈ ಮೇಲೆ ಎಷ್ಟು ಗಂಟೆ ಅಭ್ಯಾಸ? ಪಕ್ಕದಲ್ಲಿ ನಿಂತು ತಿದ್ದುವವರು ಯಾರು, ಅವರು ಏನು ಓದಿದ್ದಾರೆ? ಯಾರಿಗೆ ಮಾಡಬಾರದು ಅನ್ನುವುದಕ್ಕೆ ಎಷ್ಟು ತರಗತಿ? ಪರೀಕ್ಷೆಯಲ್ಲಿ ಪ್ರಾಕ್ಟಿಕಲ್ ಇದೆಯಾ? ಮಸಾಜ್ ವಿಡಿಯೋ ನೋಡಿ ಕಲಿಯುವುದಲ್ಲ. ಜೊತೆಗೆ ರೆಡ್ ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸ್‌ನ ಪ್ರಥಮ ಚಿಕಿತ್ಸೆ ತರಬೇತಿ ಮಾಡಿಕೋ.

ಗಂಗಾವತಿ ಪಿಟಿ ಮಾಸ್ತರ್

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಫಿಸಿಯೋ ಮೇಡಂ ದೊಡ್ಡ ಮನಸ್ಸು ಮಾಡಿ ಭಾನುವಾರ ಬನ್ನಿ ಅಂದರು. ನಾನು, ಸಿರುಗುಪ್ಪ ಟೀಚರ್, ಗರಡಿಮನೆ ತಮ್ಮ, ಮೂವರೂ ಏಳು ಭಾನುವಾರ ಬಳ್ಳಾರಿಗೆ ಹೋದೆವು. ಮೊದಲ ಮೂರು ವಾರ ಎಣ್ಣೆ ಬಾಟಲಿ ಮುಚ್ಚಳವನ್ನೇ ತೆಗೆಸಲಿಲ್ಲ. ಕಣ್ಣು ಮುಚ್ಚಿಕೊಂಡು ಒಬ್ಬರ ಕಾಲು ಒಬ್ಬರು ಮುಟ್ಟಿ ಇದು ಸ್ನಾಯು, ಇದು ಟೆಂಡನ್, ಇದು ಮೂಳೆ ಅಂಚು ಅಂತ ಹೇಳಬೇಕಿತ್ತು. ತಪ್ಪಾದರೆ ಮತ್ತೆ ಮೊದಲಿಂದ.

ಹೋದ ವಾರ ಶಿಕ್ಷಕರ ವಾಲಿಬಾಲ್ ಪಂದ್ಯ ಇತ್ತು. ನಲವತ್ತರ ಹತ್ತಿರದ ಒಬ್ಬ ಸಹೋದ್ಯೋಗಿ ಜಿಗಿಯಲು ಹೋಗಿ ಕುಸಿದರು. "ಯಾರೋ ಹಿಂದಿನಿಂದ ಒದ್ದರು" ಅಂತ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. ನನಗೆ ಎದೆ ಝಲ್ಲೆಂದಿತು, ಹಿಮ್ಮಡಿ ಮೇಲಿನ ಟೆಂಡನ್ ಹರಿದವರು ಹೀಗೇ ಅನ್ನುತ್ತಾರೆ ಅಂತ ಮೇಡಂ ಹೇಳಿದ್ದರು. ಆಗಲೇ ಒಬ್ಬರು ಮೀನಖಂಡ ಸೆಳೆದಿದೆ ಅಂತ ಒತ್ತಲು ಕೂತಿದ್ದರು. ಬಿಡಿ ಸರ್ ಅಂದು, ಅವರನ್ನು ಬೋರಲು ಮಲಗಿಸಿ, ಪಾದ ಬೆಂಚಿನ ಅಂಚಿನಿಂದ ಆಚೆ ಬಿಟ್ಟೆ. ಮೊದಲು ಚೆನ್ನಾಗಿದ್ದ ಕಾಲಿನ ಮೀನಖಂಡ ಹಿಸುಕಿದೆ. ಪಾದ ಬಾಗಿತು. ನೋವಿದ್ದ ಕಾಲಿನದ್ದು ಹಿಸುಕಿದೆ. ಪಾದ ಅಲ್ಲಾಡಲಿಲ್ಲ. ಹಿಮ್ಮಡಿ ಮೇಲೆ ಬೆರಳು ಆಡಿಸಿದರೆ ಟೆಂಡನ್ ಇರಬೇಕಾದ ಜಾಗದಲ್ಲಿ ಗುಳಿ.

ಯಾರಿಗೂ ತಿಕ್ಕಲು ಬಿಡಲಿಲ್ಲ. ಪಾದ ಕೆಳಗೆ ಬಾಗಿದ ಹಾಗೇ ಇಟ್ಟು ರಟ್ಟು ಕಟ್ಟಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಕಿಲಿಸ್ ಟೆಂಡನ್, ಅಂದರೆ ಅದೇ ಹಿಮ್ಮಡಿ ಮೇಲಿನದು, ಪೂರ್ತಿ ಹರಿದಿತ್ತು. ಮೊನ್ನೆ ಆಪರೇಷನ್ ಆಯಿತು, ಆರಾಮ ಇದ್ದಾರೆ.

ಗರಡಿಮನೆ ಹುಡುಗ

ಮಾಸ್ತರೇ, ಓದಿ ಕಣ್ಣು ತುಂಬಿತು. ತಾತನ ಎಣ್ಣೆ ಬಟ್ಟಲು ಮನೆಯಲ್ಲಿದೆ. ಮುಂದಿನ ಭಾನುವಾರ ತರುತ್ತೇನೆ.

ಬಳ್ಳಾರಿ ಫಿಸಿಯೋ

ಮಾಸ್ತರೇ, ಮುಂದಿನ ವಾರ ಬರುವಾಗ ಆ ರೈಡರ್ ಹುಡುಗನನ್ನೂ ಕರೆತನ್ನಿ. ಮೊಣಕಾಲು ಈಗ ಎಷ್ಟು ಮಡಚುತ್ತದೆ ನೋಡೋಣ.

ಗಂಗಾವತಿ ಪಿಟಿ ಮಾಸ್ತರ್

ಕರೆತರುತ್ತೇನೆ ಮೇಡಂ. ಅವನ ತಾಯಿಯನ್ನು ಕೇಳಿದೆ, ಅವರೂ ಬರುತ್ತಾರಂತೆ.